ಹರಕೆಯೂ ಔಷಧವೂ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಆ ಸಂಗತಿಯನ್ನು ನೆರೆಹೊರೆಯವರಿಗೆಲ್ಲ ನಾವಾಗಿಯೇ ತಿಳಿಸುತ್ತೇವೆ. ಕಾಲು ಮುರಿದರೆ ನೆಂಟರಿಷ್ಟರು ಹಣ್ಣುಹಂಪಲುಗಳೊಡನೆ ಬಂದು ನೋಡಿಕೊಂಡು ಹೋಗುತ್ತಾರೆ. ಚಿತ್ತಕ್ಕೆ ವ್ಯಾಧಿ ಬಂದಿತೆಂದರೆ ಮಾತ್ರ ಬೀದಿಯ ಬಾಗಿಲನ್ನು ಮುಚ್ಚಿಬಿಡುತ್ತೇವೆ. ಆ ಮುಚ್ಚಿದ ಬಾಗಿಲಿನ ಹಿಂದೆ ಮನೆಯವರು ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷದವರು ದೇವರಿಗೆ ಹರಕೆ ಹೊರಬೇಕೆನ್ನುವರು. ಇನ್ನೊಂದು ಪಕ್ಷದವರು ಡಾಕ್ಟರ ಬಳಿಗೆ ಹೋಗಬೇಕೆನ್ನುವರು. ನಡುವೆ ನರಳುತ್ತಿರುವ ಜೀವಕ್ಕೆ ಏನು ಬೇಕೆಂದು ಕೇಳುವವರೇ ಇರುವುದಿಲ್ಲ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಆ ಜಗಳದಲ್ಲಿ ನಾವೇ ಒಂದು ಪಕ್ಷಕ್ಕೆ ಮುಂದಾಳಾಗಿದ್ದೆವು. ನಮ್ಮ ಹಟದಿಂದ ಎರಡು ಜೀವಗಳಿಗೆ ಅಪಾಯ ಒದಗುವುದರಲ್ಲಿದ್ದಿತು. ಇದನ್ನು ಹೇಳಿಕೊಳ್ಳುವುದರಿಂದ ನಮಗೆ ಹೆಚ್ಚಳವೇನೂ ಇಲ್ಲ. ಆದರೂ, “ನನ್ನ ಹಾಗೆ ಇನ್ನೊಬ್ಬ ಬಾಣಂತಿ ಬಳಲಬಾರದು, ಬರಿ ಅಣ್ಣ” ಎಂದು ನಮ್ಮ ತಂಗಿಯೇ ಹೇಳಿದ್ದರಿಂದ ಬರೆಯಲು ಕುಳಿತಿದ್ದೇವೆ.

ನಮ್ಮ ವಾಸ ಹೊಸಪೇಟೆಯಲ್ಲಿ. ತಂಗಿಯನ್ನು ಕೊಟ್ಟಿರುವುದು ಕಂಪ್ಲಿಯಲ್ಲಿ. ಭತ್ತ ಕಬ್ಬುಗಳನ್ನು ಬೆಳೆಯುವ ಒಕ್ಕಲುತನದ ಮನೆ. 2019ರ ಶ್ರಾವಣದಲ್ಲಿ ಅವಳಿಗೆ ಎರಡನೆಯ ಹೆರಿಗೆಯಾಯಿತು. ಗಂಡು ಮಗು. ತಾಯಿ ಮಗು ಸುಖವಾಗಿರುವರೆಂದು ಸುದ್ದಿ ಬಂದಿತು, ನಾವು ನಿಶ್ಚಿಂತರಾದೆವು. ಎಂಟನೆಯ ದಿನದಿಂದ ಅವಳಿಗೆ ನಿದ್ರೆ ಹಾರಿಹೋಯಿತು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಮಗುವನ್ನು ದೂರ ತಳ್ಳಿ, “ಇದು ನನ್ನ ಕೂಸಲ್ಲ, ನನ್ನ ಕೂಸನ್ನು ದೇವಿ ಒಯ್ದು ಇದನ್ನು ಇಟ್ಟುಹೋಗಿದ್ದಾಳೆ” ಎಂದು ಅಳತೊಡಗಿದಳು. ಅಳುವು ನಿಂತರೆ ನಗು. ನಗು ನಿಂತರೆ ಗೋಡೆಯ ಕಡೆಗೆ ತಿರುಗಿ ಯಾರೊಡನೆಯೋ ಮಾತು.

ಹಿರಿಯರು ಇದನ್ನು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದರು. ಸಾವಿರ ಹೆರಿಗೆಗಳಲ್ಲಿ ಒಂದೆರಡಕ್ಕೆ ಬರುವ ಈ ಬೇನೆಯು ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರಗಳೊಳಗೆ ಒಮ್ಮೆಲೇ ಎರಗುತ್ತದೆ. ತಕ್ಕ ಚಿಕಿತ್ಸೆ ನಡೆದರೆ ಬಹುಮಂದಿ ಪೂರ್ಣವಾಗಿ ಗುಣ ಹೊಂದುತ್ತಾರೆ. ತಡಮಾಡಿದರೆ ತಾಯಿ ಮಗು ಇಬ್ಬರಿಗೂ ಪ್ರಾಣಭಯವುಂಟು. ಇದೆಲ್ಲವನ್ನೂ ನಾವು ತಿಳಿದುದು ಆಮೇಲೆ.

ಅತ್ತೆಯವರು ಹುಲಿಗೆಮ್ಮನಿಗೆ ಹರಕೆ ಹೊತ್ತು ತಂಗಿಯ ಕೈಗೆ ಅರಿಸಿನದ ದಾರ ಕಟ್ಟಿದರು. ಹೊಳೆಯ ಆಚೆಯ ದಡದಲ್ಲಿ, ಮುನಿರಾಬಾದಿನ ಹತ್ತಿರ, ಹುಲಿಗಿಯಲ್ಲಿರುವ ಆ ದೇವಿಗೆ ಈ ಸೀಮೆಯಲ್ಲೆಲ್ಲ ನಡೆದುಕೊಳ್ಳುವ ಮನೆಗಳಿವೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಲ್ಲಿ ಅಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಇಷ್ಟರಲ್ಲಿಯೇ ನಿಂತಿದ್ದರೆ ಬಾಧಕವಿರಲಿಲ್ಲ. ಆದರೆ ದೂರದ ನೆಂಟರೊಬ್ಬರು ಎಲ್ಲಿಂದಲೋ ಒಬ್ಬ ಮಂತ್ರವಾದಿಯನ್ನು ಕರೆತಂದರು. ಅವನು ಹಸಿ ಬಾಣಂತಿಯನ್ನು ಹೊಗೆಯ ಮುಂದೆ ಕೂಡಿಸಿ, ಜಡೆ ಹಿಡಿದೆಳೆದು, ಬೇವಿನ ಬರಲಿನಿಂದ ಹೊಡೆದನು. ನಾವು ಹೋಗಿ ನೋಡಿದಾಗ ಅವಳ ತೋಳಿನಲ್ಲಿ ಬಾಸುಂಡೆಗಳಿದ್ದುವು.

ಆಗ ನಮಗೆ ಬಂದ ಕೋಪವು ನ್ಯಾಯವಾದದ್ದೆಂದು ಈಗಲೂ ಹೇಳುತ್ತೇವೆ. ಆದರೆ ಕೋಪದಲ್ಲಿ ಮಾಡಿದ ಕೆಲಸ ಮಾತ್ರ ನ್ಯಾಯವಾದದ್ದಲ್ಲ. ಮಂತ್ರವಾದಿಯನ್ನು ಹೊರಗಟ್ಟಿದೆವು, ಸರಿ. ಅದರೊಡನೆ ಅತ್ತೆಯವರು ಕಟ್ಟಿದ್ದ ಹರಕೆಯ ದಾರವನ್ನೂ ಕಿತ್ತೆಸೆದು, “ಇನ್ನು ಮೇಲೆ ಈ ಮನೆಯಲ್ಲಿ ದೇವಿಯ ಮಾತು ಎತ್ತಬಾರದು” ಎಂದು ಎಲ್ಲರೆದುರಿಗೆ ಗರ್ಜಿಸಿದೆವು. ನಾಲ್ಕಕ್ಷರ ಓದಿದವರೆಂಬ ಅಹಂಕಾರಕ್ಕೆ ಹೊಡೆಯುವ ಕೈಗೂ ಹಾರೈಸುವ ಕೈಗೂ ಭೇದ ಕಾಣಲಿಲ್ಲ.

ತಂಗಿಯನ್ನು ಹೊಸಪೇಟೆಗೆ ಕರೆತಂದು ಔಷಧ ಕೊಡಿಸಿದೆವು. ನಿದ್ರೆ ಬಂದಿತು, ಮೂರು ವಾರಗಳಲ್ಲಿ ಮಾತು ಹದಕ್ಕೆ ಬಂದಿತು, ಮಗುವನ್ನು ಎತ್ತಿಕೊಂಡಳು. ವಿಜ್ಞಾನವು ಗೆದ್ದಿತೆಂದು ನಾವು ಹಿಗ್ಗಿ ಅವಳನ್ನು ಕಂಪ್ಲಿಗೆ ಕಳುಹಿಸಿದೆವು. ಅವಳು ಅಲ್ಲಿ ಗುಳಿಗೆಗಳನ್ನು ನುಂಗುತ್ತಿರಲಿಲ್ಲವೆಂಬುದು ಯಾರಿಗೂ ಗೊತ್ತಾಗಲಿಲ್ಲ. ದೇವರ ಜಗಲಿಯ ಮೇಲಿನ ಭಂಡಾರದ ಬಟ್ಟಲಲ್ಲಿ ಒಂದೊಂದಾಗಿ ಹುದುಗಿಸಿಡುತ್ತಿದ್ದಳು. ದಾರ ಹರಿದುಹೋಗಿದೆ, ಹರಕೆ ಮುರಿದಿದೆ, ಈ ಗುಳಿಗೆಗಳು ತನ್ನನ್ನು ದೇವಿಯಿಂದ ಇನ್ನೂ ದೂರ ಒಯ್ಯುತ್ತವೆ ಎಂಬುದು ಅವಳ ಭಯ. ಆ ಭಯವನ್ನು ಯಾರಿಗೆ ಹೇಳಿಯಾಳು? ದೇವಿಯ ಮಾತು ಎತ್ತಬಾರದೆಂದು ಅಣ್ಣನ ಅಪ್ಪಣೆಯಾಗಿದ್ದಿತಲ್ಲವೆ?

ಒಂದು ರಾತ್ರಿ ಅವಳ ಹಾಸಿಗೆ ಬರಿದಾಗಿದ್ದಿತು, ತೊಟ್ಟಿಲೂ ಬರಿದಾಗಿದ್ದಿತು. ಊರ ಹೊರಗಿನ ಕಾಲುವೆಯ ಏರಿಯ ಮೇಲೆ, ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದವಳನ್ನು ಗದ್ದೆಗೆ ನೀರು ಕಟ್ಟಲು ಹೋಗಿದ್ದ ಒಬ್ಬ ಆಳುಮಗನು ಕಂಡು, ಮೆಲ್ಲಗೆ ಮಾತನಾಡಿಸುತ್ತ ಮನೆಗೆ ಕರೆತಂದನು. ಆ ಪುಣ್ಯಾತ್ಮನ ಋಣವನ್ನು ನಾವು ತೀರಿಸಲಾರೆವು.

ಸುದ್ದಿ ಕೇಳಿ ಮರುದಿನ ಸಂಡೂರಿನಿಂದ ನಮ್ಮ ಸೋದರಮಾವನು ಬಂದನು. ಅವನು ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ಹಳ್ಳಿಹಳ್ಳಿ ಸುತ್ತಿ ದುಡಿದು ನಿವೃತ್ತನಾದವನು. ನಡೆದುದನ್ನೆಲ್ಲ ಕೇಳಿ, ಬಟ್ಟಲಿನಲ್ಲಿದ್ದ ಗುಳಿಗೆಗಳನ್ನು ಎಣಿಸಿ, ನಮ್ಮ ಕಡೆಗೆ ತಿರುಗಿ ಹೇಳಿದ್ದು ಒಂದೇ ಮಾತು: “ಅಳಿಯಾ, ಗುಳಿಗೆ ಕೊಡಿಸಿದ್ದು ಛಲೋ ಆತು. ದಾರ ಯಾಕ ಹರದಿ?”

ಮಾವನಿಗೆ ಈ ತಿಳಿವಳಿಕೆ ಬಂದ ಬಗೆಯನ್ನು ಇಲ್ಲಿ ಹೇಳುವುದು ಅವಶ್ಯ. ಏಕೆಂದರೆ ಇದು ನಮ್ಮ ಸೀಮೆಯವರು ಹೆಮ್ಮೆಪಡಬೇಕಾದ, ಆದರೆ ಮರೆತಿರುವ ಸಂಗತಿ. ಹಿಂದೆ ಚಿತ್ತದ ಬೇನೆಗೆ ಚಿಕಿತ್ಸೆಯೆಂದರೆ ಬೆಂಗಳೂರು, ಧಾರವಾಡಗಳ ದೊಡ್ಡ ಆಸ್ಪತ್ರೆಗಳೇ ಗತಿ. ಭಾರತ ಸರ್ಕಾರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದನ್ನು ಒಂದು ಇಡಿಯ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಆರಿಸಿಕೊಂಡುದು ನಮ್ಮ ಬಳ್ಳಾರಿ ಜಿಲ್ಲೆಯನ್ನು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆಗ ಅದೇ ಜಿಲ್ಲೆಗೆ ಸೇರಿದ್ದುವು. ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆಯಾದುದು 2021ರಲ್ಲಿ. ಹಳ್ಳಿಯ ಆರೋಗ್ಯಕೇಂದ್ರದ ಡಾಕ್ಟರಿಗೂ ಮನೆಮನೆಗೆ ಹೋಗುವ ಕಾರ್ಯಕರ್ತರಿಗೂ ಚಿತ್ತದ ಬೇನೆಯನ್ನು ಗುರುತಿಸುವ ವಿದ್ಯೆಯನ್ನು ಕಲಿಸಿ, ಬೇಕಾದ ಔಷಧಗಳನ್ನು ಅಲ್ಲಿಯೇ ದೊರಕುವಂತೆ ಮಾಡಿದರು. 1990ರವರೆಗೆ ನಡೆದ ಈ ಪ್ರಯೋಗವು “ಬಳ್ಳಾರಿ ಮಾದರಿ” ಎಂದು ಹೆಸರಾಯಿತು. 1996ರಿಂದ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿದ ಕಾರ್ಯಕ್ರಮಕ್ಕೆ ಇದೇ ಮೇಲ್ಪಂಕ್ತಿ.

ಆ ದಿನಗಳಲ್ಲಿ ತರಬೇತಿ ಹೊಂದಿದವರಲ್ಲಿ ನಮ್ಮ ಮಾವನೂ ಒಬ್ಬನು. ಅವನು ತನ್ನ ಬುದ್ಧಿಯಿಂದಲೇ ಒಂದು ಉಪಾಯವನ್ನು ಹೂಡಿದ್ದನಂತೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೋ ಹುಲಿಗಿಗೋ ಹೋದಾಗ ಪೂಜಾರಿಗಳ, ಜೋಗಮ್ಮಂದಿರ ಪಕ್ಕದಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತ, “ನಿಮ್ಮ ಪೂಜೆ ನೀವು ಮಾಡಿರಿ. ನಿದ್ದಿ ಇಲ್ಲದೆ ಬಡಬಡಿಸುವವರು, ಸಾಯತೇನಿ ಅನ್ನುವವರು ಬಂದರ ಅಂಗಾರ ಕೊಟ್ಟು ನಮ್ಮ ಕಡೆ ಕಳಸರಿ” ಎಂದು ಹೇಳಿಬರುತ್ತಿದ್ದನಂತೆ. “ನಾನು ಅವರ ದೇವರನ್ನ ಬೈದಿದ್ದರ ಒಬ್ಬರನ್ನಾದರೂ ಕಳಸತಿದ್ದರೇನು?” ಎಂದು ಅವನು ಕೇಳಿದುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮಾವನ ಸಲಹೆಯಂತೆ ತಂಗಿಯನ್ನು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಮಗುವಿನೊಡನೆಯೇ ಇರಿಸಿದೆವು. ತಾಯಿ ಮಗುವನ್ನು ಅಗಲಿಸಿಯಾರೆಂಬ ಭಯ ನಮಗಿದ್ದಿತು. 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು 2018ರ ಮೇ 29ರಿಂದ ಜಾರಿಗೆ ಬಂದಿದೆಯೆಂದೂ, ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆ ಪಡೆಯುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಕೂಡದೆಂದು ಅದರಲ್ಲಿ ವಿಧಿಸಿದೆಯೆಂದೂ ಅಲ್ಲಿ ತಿಳಿಯಿತು. ಕೂಸಿಗೆ ಅಪಾಯವಿದ್ದರೆ ಮಾತ್ರ ಸ್ವಲ್ಪಕಾಲ ಬೇರೆ ಇಡಬಹುದು. ನಿಮ್ಹಾನ್ಸಿನಲ್ಲಂತೂ ಇಂಥ ತಾಯಿ ಮಕ್ಕಳಿಗಾಗಿಯೇ 2009ರಿಂದ ಪ್ರತ್ಯೇಕವಾದ ವಿಭಾಗವೊಂದು ನಡೆಯುತ್ತಿದೆ.

ಔಷಧವು ಬಿರುಗಾಳಿಯನ್ನು ನಿಲ್ಲಿಸಿತು. ಆದರೆ ಗಾಳಿ ನಿಂತ ಮೇಲೆಯೂ ಮನೆಯೊಳಗೆ ಬಿದ್ದ ಕಸ ಉಳಿದಿರುತ್ತದೆಯಲ್ಲವೆ? ಅದಕ್ಕೆ ಮಾತಿನ ಚಿಕಿತ್ಸೆ. ಅಲ್ಲಿ ಮನಶ್ಶಾಸ್ತ್ರವನ್ನು ಓದಿ ಸನ್ನದು ಪಡೆದಿದ್ದ ಒಬ್ಬ ಮಹಿಳೆ ತಂಗಿಯೊಡನೆ ವಾರಕ್ಕೊಮ್ಮೆ ಕುಳಿತು ಮಾತನಾಡುತ್ತಿದ್ದರು. ತಂಗಿಯ ಇಚ್ಛೆಯಂತೆ ಒಂದು ದಿನ ನಾವೂ ಕುಳಿತಿದ್ದೆವು. ಆಕೆ ಬೇನೆಯ ಮಾತನ್ನು ಮೊದಲು ಎತ್ತಲೇ ಇಲ್ಲ. “ನಿಮ್ಮ ಮನೆದೇವರು ಯಾರಮ್ಮ? ಕಷ್ಟ ಬಂದಾಗ ಯಾರನ್ನು ನೆನೆಯುತ್ತೀರಿ?” ಎಂದು ಕೇಳಿದರು. ನಮಗೆ ಆಶ್ಚರ್ಯವಾಯಿತು. ತಂಗಿಯ ಕಣ್ಣಲ್ಲಿ ನೀರು ಬಂದಿತು. ಯಾರೂ ಕೇಳದಿದ್ದ ಸಂಗತಿ ಆಗ ಹೊರಬಿದ್ದಿತು. ಮೊದಲ ಹೆರಿಗೆ ಸುಖವಾಗಿ ಆದರೆ ಹುಲಿಗಿಗೆ ಬಂದು ದೇವಿಗೆ ಉಡಿ ತುಂಬುತ್ತೇನೆಂದು ಅವಳು ಬೇಡಿಕೊಂಡಿದ್ದಳು. ಸುಗ್ಗಿ, ಮದುವೆ, ಮಳೆ ಎಂದು ಅದು ಮುಂದೆ ಬಿದ್ದಿತು. ಎರಡನೆಯ ಕೂಸು ಹುಟ್ಟಿದಾಗ, ಕೊಡದ ಉಡಿಗಾಗಿ ದೇವಿ ಮಗುವನ್ನೇ ಒಯ್ದಳೆಂದು ಬೇನೆಬಿದ್ದ ಮನಸ್ಸು ಲೆಕ್ಕ ಹಾಕಿತು.

“ದೇವಿ ನನ್ನ ಮೇಲೆ ಮುನಿದಿದ್ದಾಳೋ ಇಲ್ಲವೋ ಹೇಳಿರಿ” ಎಂದು ತಂಗಿ ಬೇಡಿದಳು.

ಆಕೆ ಸ್ವಲ್ಪ ತಡೆದು, “ಅದನ್ನು ಹೇಳುವ ಅಧಿಕಾರ ನನಗಿಲ್ಲ, ತಾಯಿ. ನಾನು ಪೂಜಾರಿಯಲ್ಲ. ನಿಮಗೆ ನಂಬಿಕೆಯಿರುವ ಹಿರಿಯರನ್ನು ಕೇಳಿರಿ. ನಾನು ಕೇಳುವುದು ಬೇರೆ: ನೀವು ಆಕೆಯನ್ನು ತಾಯಿ ಎನ್ನುತ್ತೀರಿ. ತಪ್ಪಿ ನಡೆದ ಮಗಳು ಬಾಗಿಲಿಗೆ ಬಂದರೆ ತಾಯಾದವಳು ಏನು ಮಾಡುತ್ತಾಳೆಂದು ನಿಮಗೆ ತೋರುತ್ತದೆ?” ಎಂದರು.

ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಒಳಗ ಕರದು ಉಣ್ಣಾಕ ಇಡತಾಳ” ಎಂದಳು. ಅಂದಿನಿಂದ ಅವಳು ಗುಳಿಗೆಗಳನ್ನು ಬಚ್ಚಿಡಲಿಲ್ಲ.

ಈ ಸಣ್ಣ ಸಂಭಾಷಣೆಯನ್ನು ನಾವು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇವೆ. ಆಕೆ ದೇವಿಯನ್ನು ಹೊಗಳಲಿಲ್ಲ, ಹಳಿಯಲಿಲ್ಲ. ತಮ್ಮ ನಂಬಿಕೆ ಯಾವುದೆಂದು ತಿಳಿಸಲೂ ಇಲ್ಲ. ಸನ್ನದು ಇರುವುದೇ ಇದಕ್ಕಾಗಿ. ನೊಂದ ಮನಸ್ಸು ಎದುರಿಗಿರುವವರು ಹೇಳಿದುದನ್ನೆಲ್ಲ ನಂಬಲು ಸಿದ್ಧವಾಗಿರುತ್ತದೆ. ಆ ಸಮಯದಲ್ಲಿ ತನ್ನ ಮತವನ್ನು ಬಿತ್ತುವುದು ಬೀಗವಿಲ್ಲದ ಮನೆಗೆ ನುಗ್ಗಿದಂತೆ. ಲೋಕದ ಮನೋವೈದ್ಯರ ಸಂಘವು 2016ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ, ವೈದ್ಯನು ರೋಗಿಯ ಧರ್ಮಶ್ರದ್ಧೆಯನ್ನು ಕೇಳಿ ತಿಳಿಯಬೇಕು, ಧರ್ಮದ ಹಿರಿಯರೊಡನೆ ಕೂಡಿ ದುಡಿಯಲು ಸಿದ್ಧನಿರಬೇಕು, ಆದರೆ ತನ್ನ ಪದವಿಯನ್ನು ಬಳಸಿ ಮತಪ್ರಚಾರವನ್ನಾಗಲಿ ನಾಸ್ತಿಕಪ್ರಚಾರವನ್ನಾಗಲಿ ಮಾಡಕೂಡದು ಎಂಬ ಅಭಿಪ್ರಾಯವಿದೆ. ಕೊನೆಯ ಮಾತನ್ನು ಓದಿದಾಗ ನಮಗೆ ನಾವು ಹರಿದ ದಾರದ ನೆನಪಾಗಿ ತಲೆ ತಗ್ಗಿತು.

ಇದು ಹೊಸ ವಿಚಾರವೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯು ಮೂರು ಬಗೆಯೆಂದು ಹೇಳಿದೆ. ಮಂತ್ರ, ಹೋಮ, ನಿಯಮ, ಯಾತ್ರೆ ಮುಂತಾದುವು ದೈವವ್ಯಪಾಶ್ರಯ. ಆಹಾರ ಔಷಧಗಳ ಯೋಜನೆ ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು ಸತ್ತ್ವಾವಜಯ. ಈ ಮೂರರಲ್ಲಿ ಒಂದು ಇನ್ನೊಂದರ ಬಾಯಿ ಮುಚ್ಚಿಸಬೇಕೆಂದು ಅಲ್ಲಿ ಹೇಳಿಲ್ಲ. ನಿಮ್ಹಾನ್ಸಿನ ಡಾಕ್ಟರ್ ರಘುರಾಮ್ ಮತ್ತು ಅವರ ಜೊತೆಗಾರರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ಚಿತ್ತರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಲೇಖನ ಬರೆದರು. ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣಗಳು ಸುಮಾರು ನೂರಕ್ಕೆ 20ರಷ್ಟು ಇಳಿದಿದ್ದುವು. ಅಲ್ಲಿ ಹೊಡೆತವಿರಲಿಲ್ಲ; ಬಂಧುಗಳು ಜೊತೆಗಿದ್ದರು; ಗುಡಿಯ ಚಿಕ್ಕಪುಟ್ಟ ಕೆಲಸಗಳಿದ್ದುವು. ಆದರದಿಂದ ಆಗುವ ಉಪಕಾರ ಅಲ್ಪವಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ನೂರಕ್ಕೆ 20 ಎಂಬುದು ನೂರಲ್ಲವೆಂಬುದನ್ನೂ ಮರೆಯಬಾರದು.

ಆದರವು ತಪ್ಪಿದ ಕಡೆ ಏನಾಗುತ್ತದೆಂಬುದಕ್ಕೂ ಅದೇ ಸೀಮೆಯಲ್ಲಿ ನಿದರ್ಶನವಿದೆ. 2001ರ ಆಗಸ್ಟ್ 6ರಂದು ಏರವಾಡಿಯಲ್ಲಿ, ದೈವದ ಕೃಪೆಯಿಂದ ಗುಣವಾಗಲೆಂದು ಬಂದವರನ್ನು ಸರಪಳಿಯಲ್ಲಿ ಬಿಗಿದಿಟ್ಟಿದ್ದ ಚಪ್ಪರಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಓಡಿಹೋಗಲು ಅವರ ಕಾಲು ಬಿಡುವಾಗಿರಲಿಲ್ಲ. ಈಗಿನ ಕಾಯಿದೆಯು ಸರಪಳಿಯನ್ನು ಪೂರ್ಣವಾಗಿ ನಿಷೇಧಿಸಿದೆ. ಹಾಗೆಯೇ, ಸಮಾಜದಲ್ಲಿ ನಡೆದುಬಂದ ಧಾರ್ಮಿಕ ನಂಬಿಕೆಗೆ ಒಬ್ಬನು ಹೊಂದಿಕೊಳ್ಳಲಿಲ್ಲವೆಂಬ ಕಾರಣದಿಂದ ಅವನನ್ನು ಹುಚ್ಚನೆಂದು ನಿರ್ಣಯಿಸಕೂಡದೆಂದೂ ಹೇಳಿದೆ. ನಮ್ಮ ಕರ್ನಾಟಕದಲ್ಲಿ 2017ರಲ್ಲಿ ಆಗಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ಆಚರಣೆಗಳ ನಿಷೇಧದ ಕಾಯಿದೆಯೂ ಇದೇ ಗೆರೆಯನ್ನು ಎಳೆದಿದೆ: ದೆವ್ವ ಬಿಡಿಸುವೆನೆಂದು ಹೊಡೆಯುವುದು, ಕಟ್ಟುವುದು ಅಪರಾಧ, ಪ್ರದಕ್ಷಿಣೆ, ಯಾತ್ರೆ, ಭಜನೆಗಳಿಗೆ ಅಡ್ಡಿಯಿಲ್ಲ. ಮಂತ್ರವಾದಿಯ ಬರಲನ್ನೂ ಅತ್ತೆಯವರ ದಾರವನ್ನೂ ಬೇರೆಬೇರೆ ಎಂದು ಶಾಸನವೇ ಬಲ್ಲದು, ನಾವು ಬಲ್ಲವರಾಗಿರಲಿಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಕಾರ್ತಿಕದಲ್ಲಿ, ಎಲ್ಲರೂ ಹುಲಿಗಿಗೆ ಹೋದೆವು. ಸೀರೆ ಖಣಗಳ ಜೊತೆಗೆ ಗುಳಿಗೆಯ ಪೊಟ್ಟಣವೂ ಚೀಲದಲ್ಲಿದ್ದಿತು. ಮಾವನಿಗೆ ಹಳೆಯ ಪರಿಚಯದ ಒಬ್ಬ ಮುದುಕಿ ಜೋಗಮ್ಮ ಅಲ್ಲಿದ್ದಳು. ತಂಗಿಯ ಕಥೆಯನ್ನೆಲ್ಲ ಕೇಳಿ, ಕೂಸಿನ ಹಣೆಗೆ ಭಂಡಾರವನ್ನು ಹಚ್ಚಿ, “ಅವ್ವಗ ಸಿಟ್ಟಿಲ್ಲ, ಮಗಳ. ಡಾಕ್ಟರು ಬ್ಯಾಡ ಅನ್ನೋತನಕ ಗುಳಿಗಿ ಬಿಡಬ್ಯಾಡ” ಎಂದು ಹೇಳಿ ಹೊಸ ದಾರವನ್ನು ಕಟ್ಟಿದಳು. ಆಸ್ಪತ್ರೆಯ ವಿದುಷಿಯು ತನಗೆ ಅಧಿಕಾರವಿಲ್ಲವೆಂದು ಬಿಟ್ಟ ಪ್ರಶ್ನೆಗೆ ಇವಳು ಉತ್ತರ ಕೊಟ್ಟಳು. ಗುಳಿಗೆಯ ವಿಷಯದಲ್ಲಿ ತನಗೆ ಅಧಿಕಾರವಿಲ್ಲವೆಂದು ಅರಿತು ಡಾಕ್ಟರಿಗೆ ಬಿಟ್ಟಳು. ತನ್ನ ಎಲ್ಲೆಯನ್ನು ತಾನು ಅರಿಯುವುದೇ ಎರಡು ಕಡೆಯವರಿಗೂ ಧರ್ಮವೆಂದು ನಾವು ಅಂದು ಕಲಿತೆವು.

ಗೃಹಸ್ಥರಾದ ವಾಚಕರಿಗೆ ನಮ್ಮ ಅನುಭವದಿಂದ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಬಾಣಂತಿಯು ಎರಡು ರಾತ್ರಿ ನಿದ್ರೆಗೆಟ್ಟು ಅಸಂಬದ್ಧವಾಗಿ ಮಾತನಾಡಿದರೆ ಒಳ್ಳೆಯ ದಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವಳನ್ನೂ ಕೂಸನ್ನೂ ಕ್ಷಣಕಾಲವೂ ಒಂಟಿಯಾಗಿ ಬಿಡಬೇಡಿರಿ. ಹರಕೆ, ವ್ರತ, ಉಪವಾಸಗಳಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿರಿ. ಕೆಲವು ಔಷಧಗಳನ್ನು ಸೇವಿಸುವಾಗ ನೀರು ಉಪ್ಪುಗಳು ಕಡಮೆಯಾದರೆ ಅಪಾಯವುಂಟು. ಔಷಧವನ್ನು ಬಿಡೆನ್ನುವ, ಹೊಡೆಯುವ, ಕಟ್ಟುವ ಮಂತ್ರವಾದಿಯ ಬಳಿಯಿಂದ ಎದ್ದುಬನ್ನಿರಿ. ನಿಮ್ಮ ದೇವರನ್ನು ಹಳಿಯುವ ಅಥವಾ ತನ್ನ ದೇವರನ್ನು ಹೇರುವ ಚಿಕಿತ್ಸಕನ ಬಳಿಯಿಂದಲೂ ಎದ್ದುಬನ್ನಿರಿ. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರು 1992ರ ಕಾಯಿದೆಯಂತೆ ಏರ್ಪಟ್ಟಿರುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ದಾಖಲಾಗಿರಬೇಕು. ಅದನ್ನು ಕೇಳುವುದರಲ್ಲಿ ಅಗೌರವವಿಲ್ಲ. ದಾರಿ ತೋರದಿದ್ದಾಗ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯಿದು. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುವವರು ಸಿಗುತ್ತಾರೆ.

ಹುಲಿಗಿಯಿಂದ ಹಿಂದಿರುಗುವಾಗ ಹಂಪಿಗೂ ಹೋದೆವು. ವಿರೂಪಾಕ್ಷನ ಗುಡಿಯ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ ಚಿಕ್ಕ ಕಿಂಡಿಯಿಂದ ಬೆಳಕು ತೂರಿ, ಹೊರಗಿನ ರಾಜಗೋಪುರವು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ತಂಗಿ ಅದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಆಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿ, “ಗೋಪುರ ನೆಟ್ಟಗ ಐತಿ, ಅಣ್ಣ. ಆವಾಗೂ ನೆಟ್ಟಗ ಇತ್ತು” ಎಂದಳು.

ಆ ಕೂಸು ಈಗ ಶಾಲೆಗೆ ಹೋಗುತ್ತಿದ್ದಾನೆ. ತಂಗಿ ಡಾಕ್ಟರ ಅಪ್ಪಣೆಯಂತೆ ಔಷಧವನ್ನು ಕ್ರಮವಾಗಿ ಇಳಿಸಿ ನಿಲ್ಲಿಸಿದ್ದಾಳೆ. ವರ್ಷಕ್ಕೊಮ್ಮೆ ಹುಲಿಗಿಗೆ ಹೋಗಿ ಉಡಿ ತುಂಬುತ್ತಾಳೆ. ನಾವೂ ಜೊತೆಗೆ ಹೋಗಿ, ಕಾಯಿಯ ಚೀಲವನ್ನು ಹೊತ್ತುಕೊಂಡು ಸಾಲಿನಲ್ಲಿ ನಿಲ್ಲುತ್ತೇವೆ.